ಮೊದಲು ದ್ರಾಕ್ಷಿಯೋ, ಮೊದಲು ಭೇದಿಯೋ

ಅಥವಾ ಅದು ಸಂಜೆಯೇ ಆಗಿರಲಿಲ್ಲವೇನೋ. ಸಂಜೆ ಎಂದು ಬರೆದ ಕೂಡಲೇ ಶೆಡ್ಡಿನ ನೆರಳು ತಾನಾಗಿ ಉದ್ದವಾಗುತ್ತದೆ, ನಾಯಿ ಬಂದು ನನ್ನ ಮೊಳಕಾಲ ಮೇಲೆ ಗದ್ದ ಇಡುತ್ತದೆ, ನನ್ನ ಕೈ ಪಕ್ಕದ ಬುಟ್ಟಿಗೆ ಹೋಗುತ್ತದೆ. ಇಷ್ಟು ಸಲೀಸಾಗಿ ಒದಗುವ ಚಿತ್ರವನ್ನು ನಾನು ನಂಬುವುದಿಲ್ಲ. ಬರೆಯುವವನಿಗೆ ಬೇಕಾದ ಬೆಳಕು ಬೇಕಾದ ಜಾಗದಲ್ಲೇ ಬಿದ್ದಿದೆ. ಕೈ ಬುಟ್ಟಿಗೆ ಹೋದದ್ದು ಕಾಣುತ್ತದೆ. ಅಲ್ಲಿಂದ ನಾಯಿಯ ಬಾಯಿಗೆ ಹೋಯಿತೋ ನನ್ನ ಬಾಯಿಗೇ ಬಂತೋ, ಅದು ಕಾಣುವುದಿಲ್ಲ.

ಅನುಮಾನವಿಲ್ಲದ ಸಂಗತಿಗಳನ್ನು ಮೊದಲು ಹೇಳಿಬಿಡುತ್ತೇನೆ. ಅವು ಕಡಿಮೆ ಇವೆ.

ಆ ಬೇಸಿಗೆಯಲ್ಲಿ ನನ್ನ ಅಕ್ಕನಿಗೆ ವಿಜಯಪುರದ ಒಂದು ಆಸ್ಪತ್ರೆಯಲ್ಲಿ ಮೊಳಕಾಲಿನ ಆಪರೇಷನ್ ಆಯಿತು. ಅಕ್ಕನ ಗಂಡ, ಅಂದರೆ ನಮ್ಮ ಮಾವ, ಅವಳ ಮಂಚದ ಪಕ್ಕ ಕುಳಿತರು. ಗೋಳಗುಮ್ಮಟದ ಹಿಂಭಾಗದ ನಮ್ಮ ಮನೆಯಿಂದ ನನ್ನ ಹೆಂಡತಿ ದಿನಕ್ಕೆರಡು ಸಲ ಊಟದ ಡಬ್ಬಿ ಕಳಿಸಿದಳು. ಉಳಿದದ್ದು ಟಿಕೋಟಾದ ತೋಟದ ಮನೆಯಲ್ಲಿ ಅಕ್ಕ ಸಾಕಿದ ನಾಯಿ. ಅದನ್ನು ಒಮ್ಮೆ ನಮ್ಮ ಮನೆಗೆ ಕರೆತಂದಿದ್ದೆವು. ಎರಡು ದಿನ ಗೇಟಿಗೆ ಮುಖ ಮಾಡಿ ನಿಂತಿತ್ತು, ಒಂದು ತುತ್ತು ಮುಟ್ಟಿರಲಿಲ್ಲ. ಹೀಗಾಗಿ ನಾಯಿ ಬರುವ ಬದಲು ನಾನೇ ಹೋಗುವುದೆಂದಾಯಿತು. ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿದ್ದವನು ನಾನೊಬ್ಬನೇ.

ಆಪರೇಷನ್ನಿನ ಹಿಂದಿನ ದಿನ ಅಕ್ಕ ನನ್ನನ್ನು ಹತ್ತಿರ ಕರೆದಳು.

“ಕೂಳ ಹಾಕೋದು ದೊಡ್ಡ ಮಾತಲ್ಲೋ. ನಾ ಬರೂತನಕ ಅದು ಹೆಂಗೈತಿ ಹಂಗ ಇರಬೇಕು. ಒಂದ ಕೂದಲಾ ಉದರಬಾರದ ನೋಡು.”

ಮಾವನ ತಲೆ ಪೂರ್ತಿ ಬೋಳು. ಅವರು ತಲೆ ಸವರಿಕೊಂಡು ಅಂದರು: “ನನ್ನ ಆಪರೇಷನ್ ಆದಾಗ ಕೂದಲದ ಸುದ್ದಿ ಯಾರೂ ತಗದಿದ್ದಿಲ್ಲ.”

“ನೀವು ಸುಮ್ಕಿರ್ರಿ. ನಿಮ್ಮನ್ನ ಹಾದ್ಯಾಗ ಬಿಟ್ರೂ ಮನಿ ಹುಡಿಕ್ಕೊಂಡ ಬರ್ತೀರಿ. ಅದಕ್ಕ ನಾ ಬಿಟ್ರ ಯಾರದಾರ?”

ಕನಮಡಿಯ ಕಡೆಯಿಂದ ಬರುವಾಗ ರಸ್ತೆಯ ಬದಿಯಲ್ಲಿ ಸಿಕ್ಕ ಮರಿ ಅದು. ಈಗ ಆರು ವರ್ಷವೋ ಏಳೋ. ಕಂದು ಬಣ್ಣ, ಒಂದು ಕಿವಿ ಮಡಚಿದ್ದು. ಅಕ್ಕ ದಿನವಿಡೀ ಅದರ ಜೊತೆ ಮಾತಾಡುತ್ತಾಳೆ. ಮಾವನ ಜೊತೆ ಮಾತಾಡುವುದಕ್ಕಿಂತ ಹೆಚ್ಚು, ಎಂದು ಮಾವನೇ ಹೇಳುತ್ತಾರೆ.

ತೋಟದ ಮನೆಗೆ ಹೊಂದಿಕೊಂಡೇ ಒಣದ್ರಾಕ್ಷಿಯ ಶೆಡ್ಡು ಇದೆ. ಗೋಡೆಗಳಿಲ್ಲದ ಉದ್ದನೆಯ ಚಪ್ಪರ. ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ದ್ರಾಕ್ಷಿ ಹರಡುತ್ತಾರೆ, ಎರಡು ವಾರ ಗಾಳಿಗೆ ಬಿಡುತ್ತಾರೆ. ಒಣಗಿದ್ದನ್ನು ಕೆಳಗೆ ಕುಳಿತ ಹೆಂಗಸರು ಕಡ್ಡಿ ತೆಗೆದು ಆರಿಸುತ್ತಾರೆ. ಆ ಹೊತ್ತಿನಲ್ಲಿ ಶೆಡ್ಡಿನೊಳಗೆ ಯಾರು ಕಾಲಿಟ್ಟರೂ ಕೈಗೆ ಒಂದು ಹಿಡಿ ಬೀಳುತ್ತದೆ. ಕರೆಂಟಿನ ಮೀಟರು ನೋಡಲು ಬಂದವನಿಗೂ ಹಿಡಿ, ದಾರಿ ಕೇಳಲು ನಿಂತವನಿಗೂ ಹಿಡಿ, ಪಕ್ಕದ ಹೊಲದ ಆಡಿಗೂ ಹಿಡಿ. ಅದನ್ನು ಯಾರೂ ಕೊಡುವುದು ಎಂದು ಎಣಿಸುವುದಿಲ್ಲ. ಕೈ ಬುಟ್ಟಿಗೆ ಹೋಗುತ್ತದೆ, ತುಂಬಿಕೊಂಡು ಬರುತ್ತದೆ, ಎದುರಿಗಿದ್ದವರ ಮುಂದೆ ತೆರೆದುಕೊಳ್ಳುತ್ತದೆ. ನಾನೂ ಆ ಮನೆಯಲ್ಲಿ ನಾಲ್ಕು ದಿನ ಇದ್ದರೆ ನನ್ನ ಕೈಯೂ ಹಾಗೇ ಆಗುತ್ತದೆ. ನನ್ನ ತೊಂದರೆ ಇರುವುದು ಇಲ್ಲೇ. ಗಮನವಿಟ್ಟು ಮಾಡಿದ್ದನ್ನು ನೆನಪಿಡಬಹುದು. ಹೀಗೆ ಮಾಡಿದ್ದನ್ನು ಹೇಗೆ ನೆನಪಿಡುವುದು?

ನಾನು ಹೋದ ದಿನ ಸಂಜೆ (ಇರಲಿ, ಸಂಜೆ ಎಂದೇ ಇಟ್ಟುಕೊಳ್ಳೋಣ) ಶೆಡ್ಡಿನ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದೆ. ನಾಯಿ ಬಂದು ಗದ್ದ ಇಟ್ಟಿತು. ಮುಂದಿನದನ್ನು ಆಗಲೇ ಹೇಳಿದ್ದೇನೆ.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಕಟ್ಟೆಯ ತುಂಬ ಹೊಲಸು. ಎರಡು ಕಡೆ ಹಳದಿ ನೊರೆಯ ವಾಂತಿ, ಮೂರು ಕಡೆ ನೀರಾದ ಭೇದಿ. ನಾಯಿ ಮೆಟ್ಟಿಲ ಪಕ್ಕ ಬೆನ್ನು ಬಗ್ಗಿಸಿಕೊಂಡು ನಿಂತಿತ್ತು. ನನ್ನನ್ನು ನೋಡಿ ಬಾಲ ಅಲ್ಲಾಡಿಸಲು ಹೋಗಿ, ನಡುವೆಯೇ ಬಿಟ್ಟುಕೊಟ್ಟಿತು. ಬಕೆಟ್ಟಿನಲ್ಲಿ ನೀರು ತಂದು ತೊಳೆದೆ. ತೊಳೆದು ಮುಗಿಯುವುದರೊಳಗೆ ಅದು ಮತ್ತೊಮ್ಮೆ ಮಾಡಿತು. ಮತ್ತೆ ತೊಳೆದೆ. ಅರವತ್ತು ದಾಟಿದವನು ಬಗ್ಗಿ ಏಳುವುದನ್ನು ಒಂದು ಮಿತಿಯಲ್ಲಿ ಮಾಡಬೇಕು. ಆ ಮಿತಿ ಮೊದಲ ಅರ್ಧ ಗಂಟೆಯಲ್ಲೇ ಮುಗಿಯಿತು.

ಅಕ್ಕನಿಗೆ ಫೋನು ಮಾಡಿದೆ. ಆಪರೇಷನ್ ಆಗಿ ಒಂದು ದಿನ ಕಳೆದಿತ್ತು. ನಾಯಿಗೆ ಹುಷಾರಿಲ್ಲ ಎಂದರೆ ಆಕೆ ಮಂಚದಿಂದ ಕಾಲಿಳಿಸುತ್ತಾಳೆಂಬುದು ಗೊತ್ತಿತ್ತು. ಹೀಗಾಗಿ ಸುತ್ತಿ ಬಳಸಿ ಕೇಳಿದೆ.

“ಅಕ್ಕಾ, ಹೊಟ್ಟಿ ಕೆಟ್ರ ಏನ್ ಮಾಡೂದು?”

“ಯಾರ್ದ ಕೆಟ್ಟೈತಿ?”

“ನಂದ.”

“ಹೊರಗ ಸುಡಗಾಡ ತಿಂದಿರ್ತಿ. ಒಣದ್ರಾಕ್ಷಿ ನೆನೀ ಇಟ್ಟದ್ದು ಇರ್ತೈತಿ ನೋಡ ಅಡಗಿಮನ್ಯಾಗ. ಕಿವುಚಿ, ನೀರ ಸಮೇತ ಕುಡಿ. ಅವ್ವ ಏನ್ ಮಾಡ್ತಿದ್ಲು? ಅಷ್ಟೂ ಮರ್ತೀಯೇನಲೇ?”

ಮರೆತಿರಲಿಲ್ಲ. ನಮ್ಮ ಮನೆಯಲ್ಲಿ ಹೊಟ್ಟೆ ಬಿಗಿದರೂ ಅದೇ ಔಷಧ, ಸಡಿಲಾದರೂ ಅದೇ. ಜ್ವರ ಬಿಟ್ಟ ಮೇಲೆ ಬಾಯಿಗೆ ಮೊದಲು ಬೀಳುತ್ತಿದ್ದದ್ದೂ ಅದೇ ನೀರು. ಶೆಡ್ಡಿನ ಹೆಂಗಸರ ಮೇಲ್ವಿಚಾರಣೆ ನೋಡುವ, ನಾವೆಲ್ಲ ಖಾಲಾ ಎಂದು ಕರೆಯುವ ವಯಸ್ಸಾದ ಹೆಂಗಸು ದಿನಾ ಮನೆಗೆ ಹೋಗುವ ಮುಂಚೆ ಮಾವನಿಗೆಂದು ಒಂದು ಸ್ಟೀಲಿನ ಬಟ್ಟಲಲ್ಲಿ ದ್ರಾಕ್ಷಿ ನೆನೆಯಿಟ್ಟು ಹೋಗುತ್ತಿದ್ದಳು. ಮಾವ ಇಲ್ಲದಿದ್ದರೂ ರೂಢಿಯಂತೆ ಆ ದಿನವೂ ಇಟ್ಟಿದ್ದಳು. ಕಾಳು ಉಬ್ಬಿ ಮೆತ್ತಗಾಗಿದ್ದವು. ಕಿವುಚಿದೆ. ನಾಯಿಯ ಬಾಯಿ ತೆರೆಸಿ ಚಮಚದಿಂದ ಹಾಕಿದೆ. ಸಿಹಿಯಿದ್ದುದರಿಂದ ಅದು ಒಲ್ಲೆ ಎನ್ನಲಿಲ್ಲ. ಕೊನೆಗೆ ಬಟ್ಟಲನ್ನು ತಾನೇ ನೆಕ್ಕಿತು. ಅಕ್ಕ ನನಗೆ ಹೇಳಿದ ಔಷಧ ಅದು. ನಾಯಿಗೆ ಕೊಡು ಎಂದು ಆಕೆ ಹೇಳಿರಲಿಲ್ಲ. ನಾಯಿಯ ಮಾತನ್ನೇ ನಾನು ಎತ್ತಿರಲಿಲ್ಲ.

ಒಂಬತ್ತಕ್ಕೆ ಖಾಲಾ ಬಂದಳು. ನಾಯಿ ಅಷ್ಟೊತ್ತಿಗೆ ಗೋಡೆಗೆ ಒರಗಿ ಮಲಗಿತ್ತು. ಮೂಗಿನ ಹತ್ತಿರ ನೀರಿಟ್ಟರೆ ಮುಖ ತಿರುಗಿಸುತ್ತಿತ್ತು.

“ಯಪ್ಪಾ, ಇದರ ಕಣ್ಣ ನೋಡ್ರಿ, ಒಳಗ ಹೋಗ್ಯಾವ. ಮಜ್ಜಿಗಿ ಗಿಜ್ಜಿಗಿ ಅಂತ ಕುಂದರಬ್ಯಾಡ್ರಿ. ಬಬಲೇಶ್ವರದಾಗ ನಮ್ಮ ಎಮ್ಮಿ ನೋಡೂ ಡಾಕ್ಟರ ಅದಾರಲ್ಲ, ಅಲ್ಲಿಗಿ ನಡೀರಿ.”

“ನೀವೂ ಬರ್ತೀರೇನು? ನಾ ಗಾಡಿ ಹೊಡೀಬೇಕು, ಇದನ್ನ ಹಿಡಿಯಾಕ ಒಬ್ಬರ ಬೇಕು.”

ಆಕೆ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಳು. ಆಮೇಲೆ ಎರಡು ಗೋಣಿಚೀಲ ತಂದು ನಾಯಿಯನ್ನು ಸುತ್ತಿ, ಹಿಂದಿನ ಸೀಟಿನಲ್ಲಿ ತನ್ನಿಂದ ಒಂದು ಮೊಳ ದೂರ ಇಟ್ಟುಕೊಂಡು, ಎರಡೂ ಕೈಯಿಂದ ಒತ್ತಿ ಹಿಡಿದಳು.

“ಇದರ ಜೊಲ್ಲ ಹತ್ತಿತಂದ್ರ ನಾ ಸೀರಿ ಬದಲಿ ಮಾಡಿನ ನಮಾಜ ಮಾಡಬೇಕು. ತಗ್ಗ ನೋಡಿ ಹೊಡೀರಿ.”

ತಗ್ಗು ನೋಡಿಯೇ ಹೊಡೆದೆ. ಆದರೂ ದಾರಿಯಲ್ಲಿ ನಾಯಿ ವಾಂತಿ ಮಾಡಿಕೊಂಡಿತು. ಹಿಂದೆ ತಿರುಗಿದಾಗ ಖಾಲಾನ ತೊಡೆ ಒದ್ದೆಯಾಗಿತ್ತು, ನಾಯಿಯ ತಲೆ ಅಲ್ಲೇ ಇತ್ತು. ಆಕೆ ಅದರ ಮಡಚಿದ ಕಿವಿಯನ್ನು ಬಿಡಿಸಿ ಮಡಚಿ ಮಾಡುತ್ತಿದ್ದಳು.

“ಆಗೂದು ಆತಲ್ಲ, ಇನ್ನ ಜೋರ ಹೊಡೀರಿ,” ಎಂದಳು.

ಡಾಕ್ಟರು ಒಂದು ಎಮ್ಮೆಯ ಬಾಲದ ಹಿಂದಿದ್ದರು. ಕೈ ತೊಳೆದುಕೊಂಡು ಬಂದು ನಾಯಿಯ ಒಸಡು ಒತ್ತಿ ನೋಡಿದರು, ಬೆನ್ನಿನ ಚರ್ಮ ಎತ್ತಿ ಬಿಟ್ಟರು. ಅದು ಎತ್ತಿದಲ್ಲೇ ಕೆಲ ಹೊತ್ತು ನಿಂತಿತು.

“ನೀರಾ ಭಾಳ ಹೋಗೇತಿ. ಏನ್ ತಿನ್ಸೀರಿ?”

“ಹಾಲು, ರೊಟ್ಟಿ. ಮುಂಜಾನೆ ಹೊಟ್ಟಿ ಕೆಟ್ಟ ಮ್ಯಾಲೆ ದ್ರಾಕ್ಷಿ ನೆನಸಿದ ನೀರು.”

ಅವರ ಕೈ ನಿಂತಿತು. “ಬರೇ ನೀರೋ, ದ್ರಾಕ್ಷಿನೂ ಕೊಟ್ಟೀರೋ?”

“ಕಿವುಚಿ ಕೊಟ್ಟೇನ್ರಿ. ಒಂದ ಬಟ್ಟಲ.”

“ದೇವರ,” ಎಂದರು ಡಾಕ್ಟರು. “ದ್ರಾಕ್ಷಿ, ಒಣದ್ರಾಕ್ಷಿ, ನಾಯಿಗೆ ವಿಷಾ ಇದ್ದಂಗ ಆಗಬಹುದು. ಒಂದಕ್ಕ ಹಿಡಿ ತಿಂದ್ರೂ ಏನೂ ಆಗೂದಿಲ್ಲ, ಇನ್ನೊಂದಕ್ಕ ನಾಕ ಕಾಳಿಗೇ ಕಿಡ್ನಿ ಕೆಡತಾವ. ಯಾವುದಕ್ಕ ಎಷ್ಟು ಅನ್ನೂದು ಹೇಳಾಕ ಬರೂದಿಲ್ಲ.”

“ಅಲ್ರೀ, ಮರಿ ಇದ್ದಾಗಿಂದ ಶೆಡ್ಡಿನ್ಯಾಗ ಬೆಳದದ್ದು ಅದು,” ಎಂದಳು ಖಾಲಾ. “ಅಕ್ಕಾರು ಒಂದೆರಡು ಕಾಳು ದಿನಾ ಹಾಕ್ತಿದ್ರು.”

“ಅದರ ನಸೀಬ ಚಲೋ ಇತ್ತು.” ಡಾಕ್ಟರು ನನ್ನ ಕಡೆ ತಿರುಗಿದರು. “ಬರೋಬ್ಬರಿ ಹೇಳ್ರಿ. ಮುಂಜಾನೆಕಿಂತ ಮೊದಲ ಕೊಟ್ಟೀರೇನು? ನಿನ್ನೆ? ಯಾವಾಗ ತಿಂತು ಅನ್ನೂದರ ಮ್ಯಾಲೆ ನಾ ರಕ್ತ ಯಾವಾಗ ತಗೀಬೇಕು ಅನ್ನೂದು ಐತಿ. ಸಂಜೀಗೆ ತಿಂದದ್ದಾದ್ರ ಈ ವಾಂತಿ ಭೇದಿನೂ ಅದರಿಂದಾನ.”

ಸಂಜೆ ತಿಂದಿರದಿದ್ದರೆ ನಾಯಿ ಇನ್ನೇನನ್ನೋ ತಿಂದು ಹೊಟ್ಟೆ ಕೆಡಿಸಿಕೊಂಡಿದೆ, ನಾನು ಗೊತ್ತಿಲ್ಲದೆ ತಪ್ಪು ಔಷಧ ಕೊಟ್ಟಿದ್ದೇನೆ. ತಿಂದಿದ್ದರೆ ಎರಡು ಸಲವೂ ನಾನೇ. ಆ ಕುರ್ಚಿ, ಆ ಗದ್ದ, ಬುಟ್ಟಿಗೆ ಹೋದ ಕೈ ಆಗಲೇ ನನ್ನ ಕಣ್ಣ ಮುಂದೆ ಬಂದವೋ ಅಥವಾ ಆ ಪ್ರಶ್ನೆ ಕೇಳಿದ್ದರಿಂದ ಹುಟ್ಟಿದವೋ, ಇಂದಿಗೂ ಬಗೆಹರಿದಿಲ್ಲ.

“ಇಲ್ರಿ,” ಎಂದೆ.

ಖಾಲಾ ನನ್ನನ್ನು ನೋಡಿದಳು.

ಮುಂಗಾಲಿನ ಕೂದಲು ಬೋಳಿಸಿ ಸಲಾಯಿನ್ ಹಚ್ಚಿದರು. ಅಕ್ಕ ಒಂದು ಕೂದಲೂ ಉದುರಬಾರದು ಎಂದಿದ್ದಳು. ಬಾಟಲಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ನಾನು ಕೆಳಗೆ ಕುಳಿತು ಆ ಕಾಲನ್ನು ಮಡಚದಂತೆ ಹಿಡಿದುಕೊಂಡೆ. ಹನಿ ಬೀಳುವುದನ್ನು ನೋಡುತ್ತಾ ನೋಡುತ್ತಾ ನನ್ನ ಕಣ್ಣು ಮುಚ್ಚುತ್ತಿದ್ದವು. ಡಾಕ್ಟರು ಹೋಗುವಾಗ ಒಂದೇ ಮಾತು ಹೇಳಿದರು: “ಉಚ್ಚಿ ಹೊಯ್ತದಾ ಇಲ್ಲಾ ನೋಡ್ರಿ. ಅದೊಂದ ನೋಡ್ರಿ ಸಾಕು.”

ಮರಳಿ ಬರುವಾಗ ಖಾಲಾ ಹಿಂದಿನ ಸೀಟಿನಿಂದ, ಯಾರನ್ನೂ ಕೇಳದೆ, ಅಂದಳು: “ಸಂಜೀಕ ಬುಟ್ಟಿ ಮುಚ್ಚಿದ್ದಿಲ್ಲ ಯಪ್ಪಾ. ನಾನ ಮರತ ಹೋಗಿದ್ದೆ. ಅದ ತಾನ ಬಾಯಿ ಹಾಕಿದ್ರೂ ಹಾಕಿರಬೇಕು.”

ಶೆಡ್ಡಿಗೆ ಬಂದವರ ಮುಂದೆ ಹಿಡಿ ತೆರೆದಂತೆಯೇ ಆಕೆ ಅದನ್ನು ನನ್ನ ಮುಂದೆ ತೆರೆದಳು. ನಾನು ತೆಗೆದುಕೊಂಡೆ. “ಇದ್ರೂ ಇರಬಹುದು,” ಎಂದೆ. ಆಕೆ ಬುಟ್ಟಿ ಮುಚ್ಚಲು ಮರೆಯುವ ಹೆಂಗಸಲ್ಲ.

ಮುಂದಿನ ಮೂರು ದಿನಗಳು ಒಂದರೊಳಗೊಂದು ಕಲಸಿಹೋಗಿವೆ. ಬೆಳಿಗ್ಗೆ ಬಬಲೇಶ್ವರ, ಸಲಾಯಿನ್, ಮಧ್ಯಾಹ್ನ ಟಿಕೋಟಾ. ಅನ್ನದ ಗಂಜಿಯನ್ನು ಸೋಸಿ ಸಿರಿಂಜಿನಲ್ಲಿ ಹಲ್ಲಿನ ಪಕ್ಕದಿಂದ ಹಾಕುವುದು. ಅರ್ಧ ಒಳಗೆ, ಅರ್ಧ ನನ್ನ ತೋಳಿನ ಮೇಲೆ. ಗೋಣಿಚೀಲ ತೊಳೆಯುವುದು, ಒಣಗಿಸುವುದು, ಮತ್ತೆ ಹಾಸುವುದು. ಆ ಬಿಸಿಲಿಗೆ ಚೀಲ ಒಣಗಲು ಹೊತ್ತು ಬೇಕಿರಲಿಲ್ಲ, ನಾಯಿಗೆ ಅದನ್ನು ಹೊಲಸು ಮಾಡಲು ಇನ್ನೂ ಕಡಿಮೆ ಹೊತ್ತು ಬೇಕಿತ್ತು. ಮೂತ್ರಕ್ಕಾಗಿ ಅದನ್ನು ಬೇವಿನ ಮರದ ಕೆಳಗೆ ಎತ್ತಿಕೊಂಡು ಹೋಗಿ ನಿಲ್ಲಿಸುತ್ತಿದ್ದೆ. ಅದು ನಿಲ್ಲುತ್ತಿತ್ತು, ನಾನೂ ನಿಲ್ಲುತ್ತಿದ್ದೆ. ಶೆಡ್ಡಿನ ಹೆಂಗಸರು ದ್ರಾಕ್ಷಿ ಆರಿಸುವುದನ್ನು ಬಿಟ್ಟು ನಮ್ಮಿಬ್ಬರನ್ನು ನೋಡುತ್ತಿದ್ದರು.

“ಸಾಹೇಬ್ರ, ನೀವ ಮೊದಲ ಹೊಯ್ದ ತೋರಸ್ರಿ, ನೋಡಿ ಕಲೀತೈತಿ,” ಎಂದು ಒಬ್ಬಳು ಕೂಗಿದಳು.

“ನಾಚಿಕಿ ಇಲ್ಲೇನ ಬೇ ನಿನಗ?” ಎಂದು ಖಾಲಾ ಬೈದಳು. ಬೈಯುವಾಗ ಆಕೆಯೂ ನಗುತ್ತಿದ್ದಳು. ನನಗೆ ನಗಲೂ ಶಕ್ತಿಯಿರಲಿಲ್ಲ.

ಅದು ಯಾವ ದಿನ ಹೊಯ್ದಿತು? ಮೂರನೆಯ ದಿನ ಎಂದು ಬರೆಯಲು ಹೊರಟಿದ್ದೆ. ಮೂರು ಎಂಬುದು ಕಥೆಗಳ ಸಂಖ್ಯೆ. ಎರಡನೆಯ ದಿನ ಸ್ವಲ್ಪ ಹೊಯ್ದಿತ್ತು, ಅದು ಸಾಲದೆಂದು ಡಾಕ್ಟರು ಅಂದಿದ್ದರು ಎಂದೂ ಅನಿಸುತ್ತದೆ. ರಕ್ತ ತೆಗೆದದ್ದು ಮಾತ್ರ ಮೂರನೆಯ ದಿನವೇ, ಮುಂಜಾನೆ ತಿಂದಿತು ಎಂಬ ನನ್ನ ಲೆಕ್ಕವನ್ನು ಹಿಡಿದು. ಆ ಸಣ್ಣ ಬಾಟಲಿಯನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟುಕೊಂಡು ತೊರವಿ ದಾಟಿ ವಿಜಯಪುರಕ್ಕೆ ತಂದೆ. ಮನುಷ್ಯರ ರಕ್ತ ನೋಡುವ ಲ್ಯಾಬು. ಕೌಂಟರಿನವ ಹೆಸರು ಕೇಳಿದ. ನಾಯಿ ಎಂದೆ. ಅವನು ತಲೆಯೆತ್ತದೆ ಬರೆದುಕೊಂಡು, “ವಯಸ್ಸು?” ಎಂದ.

ವರದಿ ಬರುವವರೆಗೆ ಆಸ್ಪತ್ರೆಗೆ ಹೋಗಿ ಅಕ್ಕನ ಪಕ್ಕ ಕುಳಿತೆ. ಆಕೆ ಕಾಲು ಚಾಚಿಕೊಂಡು, ಮುಖ ಗಂಟಿಕ್ಕಿಕೊಂಡು, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಹೊಟ್ಟಿ ನೆಟ್ಟಗಾತೇನ್ ನಿಂದು? ಮಾರಿ ನೋಡು, ಹೆಂಗ ಇಳದೈತಿ.”

“ಆತು.”

“ದ್ರಾಕ್ಷಿ ನೀರ ಕುಡದಿ?”

“ಕುಡದ್ನಿ.”

“ನೋಡು, ನಾ ಹೇಳಿದ್ನಿಲ್ಲ? ಅದ ಹೆಂಗೈತಿ? ಬಾಲಾ ಅಲ್ಲಾಡಸತೈತೇನು? ಫೋಟೋ ಯಾಕ ಕಳಸವಲ್ಲಿ?”

“ಅಲ್ಲಿ ನೆಟ್ ಸಿಗವಲ್ದಕ್ಕಾ.”

ಮಾವ ಆಚೆ ತಿರುಗಿ ಕಿಟಕಿ ನೋಡಿದರು. ನನ್ನ ಹೆಂಡತಿ ಅವರಿಗೆ ನಾಯಿಯ ಸುದ್ದಿ ಹೇಳಿಬಿಟ್ಟಿದ್ದಳು. ನನ್ನ ಅಂಗಿಯ ತೋಳಿಗೆ ಗಂಜಿ ಒಣಗಿ ಅಂಟಿತ್ತು. ಅಕ್ಕ ಅದನ್ನು ಉಗುರಿನಿಂದ ಕೆರೆದು ಉದುರಿಸಿದಳು, ಏನೆಂದು ಕೇಳಲಿಲ್ಲ.

ವರದಿಯಲ್ಲಿ ಕಿಡ್ನಿಯ ಒಂದು ಸಂಖ್ಯೆ ಇರಬೇಕಾದುದಕ್ಕಿಂತ ಮೇಲಿತ್ತು. ಫೋನಿನಲ್ಲಿ ಓದಿ ಹೇಳಿದೆ. “ಆಶಾ ಬಿಡೂ ಅಷ್ಟ ಇಲ್ಲ. ಸಲಾಯಿನ್ ಬಿಡಬ್ಯಾಡ್ರಿ,” ಎಂದರು ಡಾಕ್ಟರು. ಬಿಡಲಿಲ್ಲ. ಮತ್ತೂ ಮೂರು ದಿನವೋ ನಾಲ್ಕೋ. ಒಂದು ಬೆಳಿಗ್ಗೆ ನಾಯಿ ತಾನಾಗಿ ಎದ್ದು, ಬೇವಿನ ಮರದವರೆಗೆ ನಡೆದು, ಕಾಲೆತ್ತಲು ಹೋಗಿ ಹೊಯ್ದಾಡಿ, ಹೆಣ್ಣು ನಾಯಿಯಂತೆ ಕುಳಿತು ಬಹಳ ಹೊತ್ತು ಮೂತ್ರ ಮಾಡಿತು. ಶೆಡ್ಡಿನಿಂದ ಯಾರೋ ಶಿಳ್ಳೆ ಹೊಡೆದರು. ನಾನು ಕಟ್ಟೆಯ ಮೇಲೆ ಕುಳಿತು ಅಲ್ಲೇ ನಿದ್ದೆ ಹೋದೆನಂತೆ. ಇದು ಖಾಲಾ ಹೇಳಿದ್ದು.

ಅಕ್ಕ ಮನೆಗೆ ಬಂದ ದಿನ ವಾಕರ್ ಹಿಡಿದು ಕಾರಿನಿಂದ ಇಳಿದವಳೇ ಮೊದಲು ನೋಡಿದ್ದು ನಾಯಿಯ ಬೋಳಿಸಿದ ಮುಂಗಾಲು. ಎಲ್ಲ ಹೇಳಬೇಕಾಯಿತು. ನನ್ನ ಹೊಟ್ಟೆ ಎಂದು ಸುಳ್ಳಾಡಿದ್ದನ್ನೂ ಹೇಳಿದೆ. ಆಕೆ ಬೈಯಲಿಲ್ಲ. ಬೈದಿದ್ದರೆ ಮುಗಿದುಹೋಗುತ್ತಿತ್ತು.

“ನಾನೂ ಹಾಕ್ತಿದ್ದೆ,” ಎಂದಳು. “ದಿನಾ ಒಂದ, ಎರಡ. ಆರ ವರ್ಷ ಏನೂ ಆಗಲಿಲ್ಲ. ನೀ ಬಂದ ದಿನಾನ ಆಗಬೇಕಂದ್ರ ಹೆಂಗೋ? ಹೊಟ್ಟಿ ಕೆಡೂದಕ್ಕೂ ಮೊದಲ ಕೊಟ್ಟಿದ್ದೇನು?”

“ನೆನಪಿಲ್ಲ.”

“ನಿನಗ ನೆನಪಿಲ್ಲಂದ್ರ ಕೊಟ್ಟೀ ಅಂತಾನ ಲೆಕ್ಕ. ಕೊಡದಿದ್ರ ಇಲ್ಲಂತ ಗಟ್ಟಿ ಹೇಳ್ತಿದ್ದಿ.”

ಡಾಕ್ಟರ ಮುಂದೆ ಗಟ್ಟಿಯಾಗಿಯೇ ಹೇಳಿದ್ದೆ. ಅದನ್ನು ಆಕೆಗೆ ಹೇಳಲಿಲ್ಲ.

ನನ್ನ ಫೋನಿನಲ್ಲಿ ಆ ಮೊದಲ ಬೆಳಗಿನ ಒಂದು ಫೋಟೋ ಇದೆ. ದಿನಾ ಒಂದು ಕಳಿಸಬೇಕೆಂದು ಅಕ್ಕ ತಾಕೀತು ಮಾಡಿದ್ದರಿಂದ ತೆಗೆದದ್ದು, ನಾಯಿಯ ಸ್ಥಿತಿ ನೋಡಿ ಕಳಿಸದೆ ಉಳಿಸಿದ್ದು. ಏಳು ಗಂಟೆ ಐದು ನಿಮಿಷ. ಅಕ್ಕನಿಗೆ ಫೋನು ಮಾಡಿದ್ದು ಏಳು ಇಪ್ಪತ್ತಕ್ಕೆ. ಫೋಟೋದಲ್ಲಿ ನಾಯಿ ಮೆಟ್ಟಿಲ ಪಕ್ಕ ಬೆನ್ನು ಬಗ್ಗಿಸಿ ನಿಂತಿದೆ. ಅದರ ಹತ್ತಿರ ಒಂದು ಸ್ಟೀಲಿನ ಬಟ್ಟಲಿದೆ. ಅಕ್ಕ ಹೇಳುವ ಮೊದಲೇ ನಾನು ದ್ರಾಕ್ಷಿ ತಂದಿಟ್ಟಿದ್ದೆ ಎಂದು ಅದು ಹೇಳುತ್ತಿದೆಯೇ? ಅಂಥ ಬಟ್ಟಲುಗಳು ಆ ಮನೆಯಲ್ಲಿ ಆರಿವೆ; ನಾಯಿ ನೀರು ಕುಡಿಯುವುದೂ ಅಂಥದರಲ್ಲೇ. ಎಷ್ಟು ದೊಡ್ಡದು ಮಾಡಿ ನೋಡಿದರೂ ಒಳಗಿರುವುದು ಕಪ್ಪು ನೆರಳು. ಅಳಿಸಿಬಿಡಬೇಕೆಂದು ಹಲವು ಸಲ ತೆರೆದಿದ್ದೇನೆ. ತೆರೆದು ನೋಡಿ ಮುಚ್ಚಿದ್ದೇನೆ.

ಈಗ ಶೆಡ್ಡಿನ ಬುಟ್ಟಿಗಳ ಮೇಲೆಲ್ಲ ಮುಚ್ಚಳಗಳಿವೆ. ನಾಯಿ ಓಡಾಡಿಕೊಂಡಿದೆ. ಮೊದಲಿಗಿಂತ ಹೆಚ್ಚು ನೀರು ಕುಡಿಯುತ್ತದೆ. ಅದು ಬಿಸಿಲಿಗೋ ಕಿಡ್ನಿಗೋ ಎಂದು ಡಾಕ್ಟರಿಗೂ ಖಚಿತವಿಲ್ಲ. ಹೋದಾಗಲೆಲ್ಲ ಬಂದು ನನ್ನ ಮೊಳಕಾಲ ಮೇಲೆ ಗದ್ದ ಇಡುತ್ತದೆ. ನಾನು ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕೂರುತ್ತೇನೆ. ಆ ದಿನ ನಾನು ಅದಕ್ಕೆ ದ್ರಾಕ್ಷಿ ಹಾಕಿದ್ದೆನೋ ಇಲ್ಲವೋ, ನನಗೆ ಗೊತ್ತಿಲ್ಲ.